ಮೋತಿಲಾಲನ ಶಕ್ತಿ ಟಾನಿಕ್

ಗೋವಾದ ವಾಸ್ಕೋ ಬಸ್‌ಸ್ಟ್ಯಾಂಡಿನಲ್ಲಿ ಟಾನಿಕ್ ಮಾರುವ ಮೋತಿಲಾಲನನ್ನು ಒಂದೇ ಡೈಲಾಗಿಗೆ ನಡುಗಿಸಿದ ಗಂಡು ಯಾರು ಗೊತ್ತೇನು? ನಾನೇ, ಮಕ್ತುಮ! ರವಿವಾರ ಅಲ್ಲಿ ನಿಂತು ನಾನು ಸಿನಿಮಾ ಡೈಲಾಗು ಹೊಡೆದರೆ ಜನ ಬಸ್ಸು ಬಿಟ್ಟು ನಿಲ್ಲುತ್ತಾರೆ. ಕೇಳಿ, ಸೀಟಿ ಆಮೇಲೆ ಹೊಡೆಯಿರಿ.

ನಮ್ಮ ಯಾಕೂಬ ಕಾಕಾ ಬಂದರಿನಲ್ಲಿ ಹಮಾಲ. ತಲೆಯೊಳಗೆ ಯಾರೋ ಬೈಯುತ್ತಾರೆಂದು ಒಮ್ಮೆ ಸೀದಾ ಸಮುದ್ರಕ್ಕೇ ನಡೆದಿದ್ದ. ಡಾಕ್ಟರರ ಗುಳಿಗೆ ಶುರುವಾದ ಮೇಲೆ ಆ ದನಿ ಅಡಗಿ, ಮತ್ತೆ ಮೂಟೆ ಹೊರುತ್ತಿದ್ದ. ಗುಳಿಗೆಯಿಂದ ಒಂದಿಷ್ಟು ಸುಸ್ತು, ಅಷ್ಟೇ. ಆ ಸುಸ್ತಿಗೆಂದು ಲಾಡಬಿ ಕಾಕಿ ಟಾನಿಕ್ ಕೊಂಡಳು. ಸುಮ್ಮನೆ ಕೊಂಡಿರಲಿಲ್ಲ, ಮೋತಿಲಾಲನನ್ನು ಕೇಳಿಯೇ ಕೊಂಡಿದ್ದಳು.

"ನಮ್ಮ ಮನಿಯವರು ತಲಿ ಗುಳಿಗಿ ತಗೋತಾರ್ರಿ. ಅದರ ಜೋಡಿ ನಡೀತೈತೇನ್ರಿ?"

"ಇದು ಔಷಧ ಅಲ್ಲವ್ವಾ, ಆಹಾರ! ವಿಷದ ಜೋಡಿ ಕುಡಿಸಿದ್ರೂ ನಡೀತೈತಿ!"

ವಾರದೊಳಗೆ ಕಾಕಾ ಮೂಟೆ ಹೊತ್ತುಕೊಂಡೇ ತೂಕಡಿಸಿ ಹಡಗು ಹತ್ತುವ ಹಲಗೆಯಿಂದ ಕೆಳಗೆ ಬಿದ್ದ. ಕಾಲು ಮುರಿಯಿತು. ಡಾಕ್ಟರರು ಬಾಟಲಿ ಮೂಸಿ, ಇದರಲ್ಲಿ ದಾರೂ ಇದೆ, ಈ ಗುಳಿಗೆಯೊಂದಿಗೆ ಸೇರಿದರೆ ಜೀವಕ್ಕೇ ಅಪಾಯ ಎಂದು ಹಿಂದಿಯಲ್ಲಿ ಗದರಿದರು. ಫೆನಿ ಸಾರಾಯಿಯ ವಾಸನೆಗೇ ಮೂಗು ಮುಚ್ಚುವ ನಮಾಜಿ ಮನುಷ್ಯನಿಗೆ ದಾರೂ! ಕಾಕಾ ಈಗ ಗುಳಿಗೆಯನ್ನೂ ಉಗುಳುತ್ತಿದ್ದ. "ಅದರಾಗೂ ಏನ್ ಹಾಕ್ಯಾರೋ ಯಾರಿಗ್ಗೊತ್ತು?" ಅವನು ಮತ್ತೆ ಗುಳಿಗೆ ನುಂಗಬೇಕಾದರೆ, ತಪ್ಪು ಟಾನಿಕ್ಕಿನದು, ಗುಳಿಗೆಯದಲ್ಲ ಎಂದು ಮೋತಿಲಾಲನ ಬಾಯಿಂದಲೇ ಹೇಳಿಸಬೇಕಿತ್ತು.

ರವಿವಾರ ಕಾಕಿಯನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಅವನ ಸುತ್ತಲಿನ ಗುಂಪಿನೊಳಗೆ ನುಗ್ಗಿದೆ. ಕಾಲರ್ ಎತ್ತಿ ಗುಡುಗಿದೆ:

"ಏ ಮೋತಿಲಾಲ! ನಿನ್ನ ಶಕ್ತಿ ನಮ್ಮ ಕಾಕಾನ ಕಾಲ ಮುರೀತಲೇ! ಗುಳಿಗಿ ತಗೊಳ್ಳೋರಿಗೆ ಇದು ಟಾನಿಕ್ ಅಲ್ಲ, ಯಮ! ಇವತ್ತ ಈ ಬಾಟಲಿ ಇರಬೇಕು, ಇಲ್ಲಾ ಈ ಮಕ್ತುಮ ಇರಬೇಕು!"

ಮೋತಿಲಾಲ ನಡುಗಿದ. ಬಾಟಲಿಗಳನ್ನು ಬಾಚಿಕೊಂಡು ಓಡಿದ.

ನಂಬಿದಿರಾ? ಡೈಲಾಗು ಖರೆ, ನಡುಗಿದ್ದು, ಓಡಿದ್ದು ಸುಳ್ಳು. ಜನ ಅದನ್ನು ನನ್ನ ರವಿವಾರದ ಆಟವೆಂದುಕೊಂಡರು. ಚಪ್ಪಾಳೆ, ಸೀಟಿ, "ಒನ್ಸ್ ಮೋರ್!" ಕಾಕಿ ಖಾಲಿ ಬಾಟಲಿ ಎತ್ತಿ ಹಿಡಿದು, "ಖರೇ ಹೇಳಾಕತ್ತಾನ್ರೀ! ನನ್ನ ಗಂಡ ದವಾಖಾನ್ಯಾಗ ಬಿದ್ದಾನ್ರೀ!" ಎಂದು ಚೀರಿದಳು.

"ಈ ಹೆಣಮಗಳು ಪಾರ್ಟು ಭಾಳ ಚಲೋ ಮಾಡ್ತಾಳಲೇ!" ಯಾರೋ ಹಿಂದಿನಿಂದ ಕೂಗಿದರು. ಇಬ್ಬರು ಹಮಾಲರು ನಗುನಗುತ್ತಲೇ ಬಾಟಲಿ ಕೊಂಡರು.

ಮೋತಿಲಾಲ ನನ್ನ ಹೆಗಲ ಮೇಲೆ ಕೈ ಹಾಕಿ, ಕಿವಿಯಲ್ಲಿ ಹೇಳಿದ:

"ನಾಳಿ ಡಿಚೋಲಿ ಸಂತಿ ಐತಿ. ಈ ಹೆಣಮಗಳನ್ನೂ ಕರಕೊಂಡ ಬಾ."