ಶಶಿರೇಖಾಳ ಪ್ರಮೋಷನ್

"ನಾಳೆಯಿಂದ ನಿಮಗೆ ಪ್ರಮೋಷನ್," ಎಂದರು ಸೀರೆ ಅಂಗಡಿಯ ಮ್ಯಾನೇಜರ್.

ಶಶಿರೇಖಾಳ ಎದೆ ಧಸಕ್ಕೆಂದಿತು. ಹೋದ ತಿಂಗಳು ಅಂಗಡಿಯ ಪ್ರಚಾರಕ್ಕೆ, ಪ್ರಮೋಷನ್ ಅಂತಲೇ, ಜೊತೆಯ ಸೇಲ್ಸ್ ಹುಡುಗಿಗೆ ಕರಡಿ ವೇಷ ಹಾಕಿಸಿ, ಉರಿಬಿಸಿಲಲ್ಲಿ ಅಂಗಡಿ ಮುಂದೆ ಕುಣಿಸಿದ್ದರು. ಅವಳು ಮೂರ್ಛೆ ಹೋಗಿ ಬಿದ್ದಿದ್ದಳು.

"ನನ್ನ ಕೈಲಿ ಆಗಲ್ಲ ಸಾರ್."

"ಯಾಕಮ್ಮ? ಎಂಟು ವರ್ಷದಿಂದ ಇದ್ದೀರಿ. ನೀವೇ ಸರಿ ಅಂತ ಮಾಲೀಕರೂ ಒಪ್ಪಿದ್ದಾರೆ."

ಅಂಗಡಿಯಲ್ಲಿ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದ ಮಾತು ಶಶಿರೇಖಾಳ ಬಾಯಿಗೆ ಬಂದೇಬಿಟ್ಟಿತು.

"ಆ ವೇಷ ಹಾಕಿಕೊಂಡು ಬಿಸಿಲಲ್ಲಿ ಕುಣಿದರೆ ಮಗುವಿಗೆ ಏನಾದರೂ ಆದೀತು ಸಾರ್. ನಾನೀಗ ನಾಲ್ಕು ತಿಂಗಳ ಬಸುರಿ."

"ವೇಷ ಯಾಕಮ್ಮ? ನಿಮ್ಮನ್ನು ರೇಷ್ಮೆ ಸೆಕ್ಷನ್ನಿಗೆ ಸೂಪರ್‌ವೈಸರ್ ಮಾಡೋಣ ಅಂತಿದ್ವಿ," ಎನ್ನುತ್ತ ಮ್ಯಾನೇಜರ್, ಸಹಿ ಮಾಡಿಟ್ಟಿದ್ದ ಬಡ್ತಿ ಪತ್ರವನ್ನು ಮೆಲ್ಲಗೆ ಡ್ರಾಯರ್ ಒಳಗೆ ಸರಿಸಿದರು.