ಕೋಟಿನವನು ಯಾರ ಪಾಲಿಗೆ

"ಆ ಕೋಟಿನವನನ್ನ ಮಾತ್ರ ಒಳಗೆ ಬಿಡಕೂಡದು," ಎಂದ ಮೀಸೆಯವನು. "ಮಿಕ್ಕವರ ಮಾತು ಆಮೇಲೆ."

ಹಿರಿಯಮ್ಮ ಕಿಟಕಿಯ ಗಾಜಿಗೆ ಕಟ್ಟಿದ್ದ ಆವಿಯನ್ನು ಅಂಗೈಯಿಂದ ಒರೆಸಿ ನೋಡಿದರು. ಇಳಿಜಾರಿನ ಕೆಳಗೆ, ಗೇಟಿನಾಚೆ, ಜನ ಕೆಸರಿನಲ್ಲಿ ನಿಂತಿದ್ದರು. ಹೊಳೆ ಒಡ್ಡು ಒಡೆದು ಅವರ ಮನೆಗಳಿಗೆ ನುಗ್ಗಿತ್ತು. ಉಟ್ಟ ಬಟ್ಟೆಯಲ್ಲೇ ಓಡಿಬಂದಿದ್ದರು. ಎಲ್ಲರಿಗಿಂತ ಮುಂದೆ ಕೋಟಿನವನು, ತಂತಿಗೆ ಹಣೆ ಹಚ್ಚಿಕೊಂಡು. ಪಕ್ಕದಲ್ಲಿ ಅವನ ಮಗಳು, ತುಂಬಿದ ಬಸುರಿ, ಹಳೆಯ ಟೈರಿನ ಮೇಲೆ ಸೊಂಟ ಹಿಡಿದು ಕುಳಿತಿದ್ದಳು.

ಹಿರಿಯಮ್ಮ ಆಯುಸ್ಸೆಲ್ಲ ಹೆರಿಗೆ ಮಾಡಿಸಿದವರು. ಆ ಕೂತ ಭಂಗಿ ಸಾಕಾಗಿತ್ತು ಅವರಿಗೆ. ಹೊತ್ತು ಮುಳುಗುವ ಮುಂಚೆ ಆ ಹುಡುಗಿಗೆ ಒಂದು ಸೂರು, ಒಂದು ಒಲೆ ಬೇಕು. ಇಲ್ಲವಾದರೆ ಎರಡು ಜೀವ ಹೋಗುತ್ತವೆ.

ಕೋಣೆಯಲ್ಲಿದ್ದವರು ಮೂವರು: ಮೀಸೆಯವನು, ಕನ್ನಡಕದವನು, ಹಿರಿಯಮ್ಮ. ಮೂರು ದೇಶದ ಜನ ಒಬ್ಬೊಬ್ಬರನ್ನು ಆರಿಸಿ ಕಳಿಸಿದ್ದರು. ಅಕ್ಕಪಕ್ಕದ ದೇಶಗಳು. ಹಿಂದೆ ಕಾದಾಡಿದ್ದೂ ಉಂಟು, ಬೀಗತನ ಮಾಡಿದ್ದೂ ಉಂಟು. ಈಗ ಅವರ ನಡುವಿನ ಗಡಿಯೆಂದರೆ ಹಾರಿ ದಾಟಬಹುದಾದ ನೀರಿನ ಕಾಲುವೆ. ಹಾಗಂತ ಗಡಿ ಗಡಿಯಲ್ಲದೆ ಹೋದೀತೇ? ಒಬ್ಬರ ಕೋಳಿ ಇನ್ನೊಬ್ಬರ ಕಡೆ ಹೋದರೆ ಇಂದಿಗೂ ರಂಪವಾಗುತ್ತಿತ್ತು. ಮೇಜಿನ ಒಂದು ಕಾಲು ಮುರಿದಿತ್ತು. ಇಟ್ಟಿಗೆ ಜೋಡಿಸಿ ನಿಲ್ಲಿಸಿದ್ದರು. ಯಾರಾದರೂ ಕೋಪದಿಂದ ಗುದ್ದಿದರೆ ಮೂರು ಲೋಟಗಳೂ ಒಟ್ಟಿಗೆ ಕುಣಿಯುತ್ತಿದ್ದವು.

"ನಮ್ಮಲ್ಲಿ ಕಾಲು ಚಾಚೋಕೆ ಜಾಗ ಇಲ್ಲ, ಅಮ್ಮಾ," ಎಂದ ಕನ್ನಡಕದವನು. "ಇರೋ ನೆಲ ಬರೀ ಕಲ್ಲು. ರಸ್ತೆ ಬೇರೆ ಕೊಚ್ಚಿಹೋಗಿದೆ, ಹೊರಗಿಂದ ಒಂದು ಹಿಡಿ ಹಿಟ್ಟು ಬರಲ್ಲ. ನಮ್ಮ ಜನ ಏನಂತಾರೆ?"

"ನಿನ್ನ ಜನ ಇರಲಿ. ನೀನೇನಂತೀಯ?"

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಉತ್ತರ ಗಾಜಿನ ಮೇಲೆ ಬರೆದಿದೆಯೇನೋ ಎಂಬಂತೆ.

ಮೀಸೆಯವನು ಮೇಜಿನ ಮೇಲೆ ಬಗ್ಗಿದ. "ತಗೊಳ್ಳಲೇಬೇಕು ಅಂದ್ರೆ ನಮಗೆ ಬಡಗಿಗಳನ್ನ ಕೊಡಿ, ಗಟ್ಟಿ ಆಳುಗಳನ್ನ ಕೊಡಿ. ಮುದುಕರು, ಕಾಯಿಲೆಯವರು ಬೇಡ."

"ಎತ್ತು ಕೊಳ್ಳೋಕೆ ಬಂದಿದ್ದೀಯೇನಪ್ಪ? ಹೋಗು, ಬಾಯಿ ತೆರೆಸಿ ಹಲ್ಲು ನೋಡು."

"ಲೋಕದಲ್ಲಿ ಎಲ್ಲರೂ ಹಾಗೇ ಆರಿಸೋದು."

"ಹೌದು. ನಮ್ಮೆದುರಿಗೇ ಆರಿಸಿದ್ರಲ್ಲ," ಎಂದರು ಹಿರಿಯಮ್ಮ ಮೆಲ್ಲಗೆ. "ಆಗ ನಿನಗೆ ಹೇಗನ್ನಿಸಿತ್ತು?"

ಮೀಸೆಯವನ ಮುಖ ಕೆಂಪಾಯಿತು. ಮಾತು ಸೋತವನು ಹಳೆಯ ಗಾಯ ಕೆದಕುತ್ತಾನೆ. ಇವನೂ ಕೆದಕಿದ. "ನಿಮ್ಮ ಸೊಸೆಗೆ ಬೇನೆ ಎದ್ದ ದಿನ ಆ ಕೋಟಿನವನು ಏನು ಮಾಡಿದ ಅನ್ನೋದು ಮರೆತುಹೋಯ್ತೇನಮ್ಮಾ?"

ಒಲೆಯ ಮೇಲಿನ ಕೆಟಲ್ ಕುದಿಯುತ್ತಿತ್ತು. ಹಿರಿಯಮ್ಮ ಎದ್ದು ಹೋಗಿ ಅದನ್ನು ಇಳಿಸಿಟ್ಟು ಬಂದರು. ಮನಸ್ಸಿನಲ್ಲೇ ದೇವರನ್ನು ನೆನೆದರು; ಶಾಂತಿ ಕೊಡು ಎಂದಲ್ಲ, ಹಟ ಕೊಡು ಎಂದು.

"ಮರೆತಿದ್ರೆ ಕೆಲಸ ಎಷ್ಟು ಹಗುರವಾಗ್ತಿತ್ತು," ಎಂದರು. "ಮರೆತಿಲ್ಲ. ಈಗ ಕೇಳು. ಪಾಲು ನೀನೇ ಮಾಡು. ಮನೆಗೊಂದು ಕಲ್ಲು. ಒಂದು ಸಂಸಾರಾನೂ ಒಡೀಕೂಡದು. ಮೂರು ಗುಡ್ಡೆ ಹಾಕು."

ಮೀಸೆಯವನ ಕಣ್ಣು ಅರಳಿತು.

"ಪಾಲು ಮಾಡಿದವನು ಕೊನೆಗೆ ಎತ್ಕೋಬೇಕು. ನಿಮ್ಮಮ್ಮನೂ ಅಡುಗೆಮನೆಯಲ್ಲಿ ಹೀಗೇ ಮಾಡಿಸ್ತಿದ್ದಳು ತಾನೇ?"

ಅರಳಿದ ಕಣ್ಣು ಮುದುಡಿತು. ಆ ಪದ್ಧತಿ ಮೂರು ದೇಶಗಳಲ್ಲೂ ಒಂದೇ ಆಗಿತ್ತು. ಅದಕ್ಕೆ ಎದುರಾಡಿದವನು ತಾಯಿಗೆ ಎದುರಾಡಿದಂತೆ. ಅವನು ಬಾಗಿಲಾಚೆಯಿಂದ ಬೊಗಸೆಯಲ್ಲಿ ಕಲ್ಲು ತಂದ. ಕನ್ನಡಕದವನು ಮೊದಲೇ ಗೇಟಿಗೆ ಹೋಗಿ ಯಾರ್ಯಾರಿದ್ದಾರೆಂದು ಕೇಳಿ ಬಂದಿದ್ದ. ಪ್ರತಿ ಕಲ್ಲಿಗೂ ಒಂದು ಸಂಸಾರ ಹೇಳಿದ: ಬಡಗಿಯದು, ಕುರುಡನದು, ಕೆಮ್ಮುವ ಮುದುಕಿಯದು. ಬಡಗಿಯ ಕಲ್ಲಿನ ಪಕ್ಕಕ್ಕೆ ಕೆಮ್ಮು ಬಂತು. ಗಟ್ಟಿ ಆಳಿನ ಪಕ್ಕಕ್ಕೆ ಕುರುಡ ಬಂದ. ತನಗೆ ಯಾವುದು ಉಳಿದೀತೋ ಎಂಬ ಭಯಕ್ಕಿಂತ ನ್ಯಾಯವಾದ ತಕ್ಕಡಿ ಇಲ್ಲ. ಗುಡ್ಡೆಗಳು ಸಮವಾದವು.

ಕಪ್ಪು ಕಲ್ಲೊಂದು ಅವನ ಕೈಯಲ್ಲೇ ಉಳಿಯಿತು. ಕೋಟಿನವನದು, ಅವನ ಮಗಳದು. ಬಹಳ ಹೊತ್ತು ತಡೆದು, ನಡುವಿನ ಗುಡ್ಡೆಗೆ ಹಾಕಿದ.

ಕನ್ನಡಕದವನು ತಟ್ಟನೆ ಎಡಗಡೆಯದನ್ನು ಎಳೆದುಕೊಂಡ. ಹಿರಿಯಮ್ಮನ ಸರದಿ. ಅವರು ಯೋಚಿಸಲೂ ಇಲ್ಲ. ನಡುವಿನದರ ಮೇಲೆ ಕೈಯಿಟ್ಟರು.

"ಸೇಡು ತೀರಿಸ್ಕೊಳ್ಳೋಕೇನಮ್ಮಾ?" ಮೀಸೆಯವನ ದನಿ ಇಳಿದಿತ್ತು.

"ಹೂಂ ಕಣಪ್ಪ. ನನ್ನ ಒಲೆ ಮುಂದೆ ಕೂತು, ನಾನು ಬಡಿಸಿದ್ದನ್ನ ಉಣ್ಣಲಿ. ಅವನ ಮೊಮ್ಮಗು ನನ್ನ ಕೈಯಲ್ಲೇ ಹುಟ್ಟಲಿ. ಎತ್ತಿ ಅವನ ತೊಡೆ ಮೇಲೆ ನಾನೇ ಮಲಗಿಸ್ತೀನಿ. ಇದಕ್ಕಿಂತ ದೊಡ್ಡ ಸೇಡು ನನಗಂತೂ ಗೊತ್ತಿಲ್ಲ."

ಮೂವರೂ ಇಳಿಜಾರಿನಲ್ಲಿ ನಡೆದರು. ಮೂರು ದೇಶದ ಜನರೂ ಹೊದಿಕೆ ಹಿಡಿದು ಹಿಂದೆ ಬಂದರು. ಗೇಟಿನ ಬಳಿ ಹಿರಿಯಮ್ಮ ಕೋಟಿನವನನ್ನು ನೆಟ್ಟ ನೋಟದಿಂದ ನೋಡಿದರು. ಅವನು ತಲೆ ತಗ್ಗಿಸಿದ.

"ಜಾಗ ಇದೆ," ಎಂದರು. "ತೆಗಿ."

ಮುಳುಗಿದ ತನ್ನ ಊರನ್ನೆಲ್ಲ ಬೆನ್ನ ಹಿಂದೆ ನಿಲ್ಲಿಸಿಕೊಂಡು, ಮೂರೂ ದೇಶದವರನ್ನು ತಂತಿಯೊಳಗೆ ಕೂಡಿಟ್ಟಿದ್ದ ಆ ನಿರಾಶ್ರಿತರ ಶಿಬಿರದ ಅಧಿಕಾರಿ ಒದ್ದೆ ಕೋಟಿನ ಜೇಬಿನಿಂದ ಬೀಗದ ಕೈ ತೆಗೆದ. ಹಿರಿಯಮ್ಮನ ಸೊಸೆ ಆಸ್ಪತ್ರೆಗೆ ಹೋಗಲಾರದೆ ಒಳಗೆ ನರಳುತ್ತಿದ್ದ ದಿನ ತೆಗೆಯದೇ ಹೋದ ಬೀಗವನ್ನು, ಹೊರಗಿನಿಂದ, ತೆಗೆದ.