ವಾರಿಜಾಳ ಹೊಸ ಸೈಕಲ್

ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕಾದರೆ ಮೈ ಬೆವರಲೇಬೇಕು ಎಂದು ಡಾಕ್ಟರು ಹೇಳಿದ ಮೇಲೆ ವಾರಿಜಾ ಮಗಳ ಹಳೆಯ ಸೈಕಲ್ಲಿನ ಧೂಳು ಒರೆಸಿದಳು. ಮದುವೆಯಾದ ಮೇಲೆ ಅವಳು ಸೈಕಲ್ ಮುಟ್ಟಿರಲಿಲ್ಲ. ಮೊದಮೊದಲು ಮೊಣಕಾಲು ನೋವು ಜೀವ ಹಿಂಡಿತು. ತಿಂಗಳು ಕಳೆಯುವಷ್ಟರಲ್ಲಿ ಕೆರೆಯನ್ನು ಒಂದು ಸುತ್ತು ಹಾಕಿ, ಏರಿಯ ಮೇಲಿನ ಗೂಡಂಗಡಿಯಲ್ಲಿ ಒಬ್ಬಳೇ ಟೀ ಕುಡಿದು ಬರತೊಡಗಿದಳು.

"ಚೈನ್ ಪದೇ ಪದೇ ಕಳಚ್ಕೊಳ್ಳುತ್ತೆ ರೀ. ಗೇರ್ ಇರೋ ಹೊಸ ಸೈಕಲ್ ತಗೊಳ್ಳಲಾ?"

ಗಂಡ ಪೇಪರಿನಿಂದ ತಲೆಯೆತ್ತಲಿಲ್ಲ. "ನಿನ್ನನ್ನ ಕೆರೆ ಏರಿ ಮೇಲೆ ನೋಡಿದ್ವಿ ಅಂತ ಆಫೀಸಲ್ಲಿ ಎಲ್ಲಾ ನಗ್ತಿದ್ರು."

"ನಗಲಿ ಬಿಡಿ. ಶುಗರ್ ಇಳಿದಿದೆ ಅಂತ ಡಾಕ್ಟರೇ ಹೇಳಿದ್ರಲ್ಲ."

ಅವನು ಪೇಪರ್ ಮಡಚಿಟ್ಟ. "ಆಯ್ತು, ನಾನೇ ತರಿಸ್ತೀನಿ. ಒಳ್ಳೇದೇ ತರಿಸ್ತೀನಿ. ಆ ಹಳೇದನ್ನ ಮೊದಲು ಗುಜರಿಗೆ ಹಾಕು."

ಅವಳು ನಂಬಲಾರದೆ ಅವನ ಮುಖ ನೋಡಿದಳು. ಅಂದೇ ಹಳೆಯದನ್ನು ಗುಜರಿಯವನಿಗೆ ಕೊಟ್ಟಳು. ಹೊಸದಕ್ಕೆಂದು ಗಾಳಿ ಹೊಡೆಯುವ ಪಂಪ್ ಕೊಂಡು ತಂದಳು.

ಭಾನುವಾರ ಅಂಗಡಿಯವರು ದೊಡ್ಡ ಪೆಟ್ಟಿಗೆ ಹೊತ್ತು ತಂದರು. ಗಂಡ ಅದನ್ನು ಮಲಗುವ ಕೋಣೆಗೆ ಒಯ್ಯಿಸಿ, ಅಲ್ಲೇ ಜೋಡಿಸಲು ಹೇಳಿದ. ಅವರು ಹೋದ ಮೇಲೆ ಕಿಟಕಿಯ ಪರದೆ ಎಳೆದು ಅವಳನ್ನು ಕರೆದ.

"ಬಾರೇ, ನೋಡು. ಇನ್ನು ಎಷ್ಟು ಹೊತ್ತು ಬೇಕಾದ್ರೂ ತುಳಿ, ಯಾರೂ ನಗಲ್ಲ."

ಪಂಪ್ ಹಿಡಿದು ಓಡಿಬಂದ ವಾರಿಜಾ ಬಾಗಿಲಲ್ಲೇ ನಿಂತಳು. ಗಾಳಿ ತುಂಬಲು ಅದಕ್ಕೆ ಚಕ್ರಗಳೇ ಇರಲಿಲ್ಲ.